ಇಪ್ಪತ್ತು ಸಲ, ಮತ್ತೊಂದು

ಎರಡನ್ನು ತನ್ನಿಂದಲೇ ಗುಣಿಸು.
ಬಂದದ್ದನ್ನು ಮತ್ತೆ ಅದರಿಂದಲೇ.
ಹೀಗೆ ಇಪ್ಪತ್ತು ಸಲ, ಬೇಸರಿಸದೆ.
ಕೊನೆಗೆ ಒಂದೇ ಒಂದು ಸೇರಿಸು,
ಹಾಲಿಗೆ ಹೆಪ್ಪು ಬಿಟ್ಟ ಹಾಗೆ.

ಮೂರು ಲಕ್ಷದ ಹದಿನೈದು ಸಾವಿರದ
ಆರುನೂರ ಐವತ್ತಮೂರು ಅಂಕಿ.
ಮೊದಲು ಆರು, ಕಡೆಗೆ ಏಳು.
ಸೆಕೆಂಡಿಗೊಂದರಂತೆ ಓದುತ್ತ ಕೂತರೆ
ಮೂರೂವರೆ ದಿನ ದಾಟುತ್ತದೆ,
ಆಕಳಿಸಲೂ ಬಿಡುವಿಲ್ಲದೆ.

ಲಿಮೋಜಿನಲ್ಲಿ, ನದಿಗಿಳಿಯುವ ಓಣಿಯ ಮನೆಯಲ್ಲಿ
ಅಟ್ಟ ನನ್ನದು, ಕೆಳಗಿನದೆಲ್ಲ ಯೋಲಾಂದಳದು.
ಚಳಿಗಾಲದಲ್ಲಿ ಮೆಟ್ಟಿಲು ಹತ್ತಿ ಬಂದು
ನನ್ನ ಯಂತ್ರದ ಬೆನ್ನಿಗೆ ಒದ್ದೆ ಕಾಲುಚೀಲ ಹರವುತ್ತಾಳೆ.
ಬಾಡಿಗೆಯಲ್ಲಿ ಅಷ್ಟು ಕಡಿತ.

"ಇನ್ನೂ ಒಡೆಯಲಿಲ್ಲವೇ, ಎರ್ವಾನ್?"
ಒಡೆದಿದೆ ಮೇಡಂ. ಹುಟ್ಟಿದಾಗಲೇ ಒಡೆದಿದೆ.
ಎಲ್ಲಿ ಅಂತ ಗೊತ್ತಿಲ್ಲ, ಅಷ್ಟೆ.

ತೂಲೂಸಿನ ನ್ಯಾಯಾಧೀಶನೊಬ್ಬ ಹಿಂದೊಮ್ಮೆ ನಂಬಿದ್ದ,
ಈ ವಂಶದಲ್ಲಿ ಹುಟ್ಟಿದ್ದೆಲ್ಲ ಅವಿಭಾಜ್ಯ ಎಂದು.
ಮೂರು, ಐದು, ಹದಿನೇಳು: ಸರಿ.
ಇನ್ನೂರ ಐವತ್ತೇಳು: ಸರಿ.
ಅರವತ್ತೈದು ಸಾವಿರದ ಐನೂರ ಮೂವತ್ತೇಳು:
ಅದೂ ಸರಿಯೇ.
ಮುಂದಿನದರ ಹೊಟ್ಟೆಯೊಳಗೆ
ಆರುನೂರ ನಲವತ್ತೊಂದು ತಣ್ಣಗೆ ಕೂತಿತ್ತು.
ಅದು ಸಿಕ್ಕುವ ಹೊತ್ತಿಗೆ ನ್ಯಾಯಾಧೀಶ ಮಣ್ಣಾಗಿದ್ದ.

ನಾವು ಇದನ್ನು ಒಡೆದು ನೋಡಿಲ್ಲ, ತಟ್ಟಿ ನೋಡಿದ್ದೇವೆ.
ಮೂರನ್ನು ಹಿಡಿದು ವರ್ಗ ಮಾಡುತ್ತ,
ಅಳತೆ ಮೀರಿದ್ದನ್ನು ಚೆಲ್ಲುತ್ತ,
ಹತ್ತು ಲಕ್ಷದ ನಲವತ್ತೆಂಟು ಸಾವಿರದ
ಐನೂರ ಎಪ್ಪತ್ತೈದು ಸಲ.
ಇಡಿಯಾಗಿದ್ದರೆ ಕೊನೆಯ ಶೇಷ
ಮೈನಸ್ ಒಂದು ಆಗಬೇಕಿತ್ತು.
ಉಳಿದದ್ದು ಅದಲ್ಲ. ಏನೋ ಒಂದು
ಉದ್ದನೆಯ, ಗೊಗ್ಗರು ಸದ್ದು.

ಇದನ್ನು ಕೇಳಿ ಯೋಲಾಂದ್ ನಕ್ಕಳು.
ಇದಕ್ಕೆ ಇಷ್ಟು ದೊಡ್ಡ ಯಂತ್ರ ಬೇಕಾ?
ಪಿಂಗಾಣಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಅವಳು ಮಾಡಿದ್ದು ಅದನ್ನೇ:
ಭಟ್ಟಿಯಿಂದ ಬಂದ ಬಟ್ಟಲನ್ನು
ಬೆರಳ ತುದಿಯಲ್ಲಿ ಕೂರಿಸಿ
ಮರದ ಕಡ್ಡಿಯಿಂದ ಒಂದು ಏಟು.
ಠಿಂ ಅಂದರೆ ಎಡಕ್ಕೆ. ಠಪ್ ಅಂದರೆ ಬಲಕ್ಕೆ.
ಬಿರುಕು ಎಲ್ಲಿದೆ ಎಂದು ಹುಡುಕುವ
ಪುರುಸೊತ್ತು ಯಾರಿಗಿತ್ತು?

ಒಂದನ್ನು ಮಾತ್ರ ಏಪ್ರನ್ನಿನ ಜೇಬಲ್ಲಿ ಮನೆಗೆ ತಂದಳು.
ಠಪ್ ಎಂದಿತ್ತಂತೆ, ಸಂಶಯವೇ ಇಲ್ಲ.
ದೀಪಕ್ಕೆ ಹಿಡಿದಳು, ಶಾಯಿಯಲ್ಲಿ ಅದ್ದಿದಳು,
ಕೂದಲೆಳೆಯಷ್ಟೂ ಕಾಣಲಿಲ್ಲ.
ಅಂದಿನಿಂದ ಅದರಲ್ಲೇ ಕಾಫಿ.
ಒಂದು ತೊಟ್ಟು ಸೋರಿಲ್ಲ.

ನನಗೂ ಒಂದು ಸುಳಿವಿದೆ.
ಇದನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ,
ನಲವತ್ತೊಂದು ಲಕ್ಷದ ತೊಂಬತ್ತನಾಲ್ಕು ಸಾವಿರದ
ಮುನ್ನೂರ ನಾಲ್ಕರ ಮಗ್ಗಿಯಲ್ಲಿ
ಯಾವುದೋ ಮೆಟ್ಟಿಲಿನ ಒಂದು ಹೆಜ್ಜೆ ಆಚೆ ನಿಂತಿರಬೇಕು.
ಬೀದಿ ಗೊತ್ತು. ಮನೆ ಗೊತ್ತಿಲ್ಲ.
ಮಗ್ಗಿ ಒಪ್ಪಿಸಿ ಒಪ್ಪಿಸಿ ಬಾಯಿ ಒಣಗಿದ ಮೇಲೆ
ಈಗ ವಕ್ರರೇಖೆಗಳನ್ನು ಬೀಸುತ್ತಿದ್ದೇನೆ,
ಒಂದಾದ ಮೇಲೊಂದು, ಕಣ್ಣು ಮುಚ್ಚಿ ಗಾಳ ಹಾಕಿದಂತೆ.

ಈ ಜನವರಿಯಲ್ಲಿ ಅವಳ ಬಲಗಿವಿ ಹೋಯಿತು,
ಎಡದ್ದು ಹೋಗುವ ದಾರಿಯಲ್ಲಿದೆ.
ಒಂದು ಸಂಜೆ ಬಟ್ಟಲನ್ನು ನನ್ನ ಬೆರಳ ಮೇಲಿಟ್ಟು
"ನೀನು ತಟ್ಟು, ಹೇಳು" ಎಂದಳು.
ಚಮಚದಿಂದ ತಟ್ಟಿದೆ.
ನನಗೆ ಕೇಳಿಸಿದ್ದು ಠಿಂ.
ಚೆನ್ನಾಗಿಯೇ ಇದೆಯಲ್ಲ ಎಂದೆ.

ಅವಳು ಉತ್ತರಿಸಲಿಲ್ಲ.
ಅಂಚಿಗೆ ಉಗುರು ತಾಗಿಸಿ ಮತ್ತೆ ತಟ್ಟಿಸಿದಳು,
ತಲೆ ಅಲ್ಲಾಡಿಸಿದಳು,
"ಪಾಪ, ನಿನಗೆ ಕಿವಿಯಿಲ್ಲ" ಎಂದು
ಅದರಲ್ಲೇ ಕಾಫಿ ಬಗ್ಗಿಸಿದಳು.

ಅಟ್ಟಕ್ಕೆ ಹೋಗಿ ನೋಡಿದೆ.
ಇನ್ನೊಂದು ರೇಖೆ ಮುಗಿದಿತ್ತು:
ಅಪವರ್ತನ ಸಿಗಲಿಲ್ಲ.
ಕಾಲುಚೀಲ ಒಣಗಿದ್ದವು.